ಇಎಸ್‌ಪಿ32ರ 34ನೇ ಪಿನ್‌ನಲ್ಲಿ ಪುಲ್‌ಅಪ್ ಏಕೆ ಕೆಲಸ ಮಾಡುವುದಿಲ್ಲ?

ಯಾದಗಿರಿ ಬಳಿಯ ಹೊಲದ ನೀರಿನ ತೊಟ್ಟಿಯ ಫ್ಲೋಟ್ ಸ್ವಿಚ್ಚನ್ನು ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರ್ ಚಿಪ್‌ನ 34ನೇ ಪಿನ್ ಮತ್ತು ಗ್ರೌಂಡ್ ನಡುವೆ ಜೋಡಿಸಿ, ಪ್ರೋಗ್ರಾಮಿನಲ್ಲಿ ಪುಲ್‌ಅಪ್ (ಪಿನ್ನನ್ನು 1ರ ಕಡೆಗೆ ಎಳೆದಿಡುವ ರೆಸಿಸ್ಟರ್) ಕೇಳಿದ್ದರೂ, ಸ್ವಿಚ್ ತೆರೆದಿರುವಾಗ ಒಮ್ಮೆ 0, ಒಮ್ಮೆ 1 ಬರುತ್ತಿದೆ ಎಂದಿದ್ದೀರಿ. ತಪ್ಪಿರುವುದು ಕೋಡಿನಲ್ಲಲ್ಲ, ಪಿನ್ನಿನ ಆಯ್ಕೆಯಲ್ಲಿ.

ಈ ಚಿಪ್‌ನಲ್ಲಿ 34ರಿಂದ 39ರವರೆಗಿನ ಪಿನ್‌ಗಳು ಇನ್‌ಪುಟ್‌ಗೆ ಮಾತ್ರ ಮೀಸಲು. ಅವುಗಳಿಗೆ ಒಳಗಿನ ಪುಲ್‌ಅಪ್ ಆಗಲಿ, 0ರ ಕಡೆಗೆ ಎಳೆಯುವ ಪುಲ್‌ಡೌನ್ ಆಗಲಿ ಇಲ್ಲ. ಹೀಗಾಗಿ ಸ್ವಿಚ್ ತೆರೆದ ಕೂಡಲೇ ಪಿನ್ ಯಾವ ವೋಲ್ಟೇಜಿಗೂ ಅಂಟದೆ ಉಳಿದು, ಪಕ್ಕದ ಮೋಟಾರ್ ಕೇಬಲ್ಲಿನ ಗದ್ದಲವನ್ನೇ ಓದುತ್ತದೆ. ತಂತಿಯನ್ನು 32 ಅಥವಾ 33ನೇ ಪಿನ್‌ಗೆ ಬದಲಿಸಿದರೆ ಒಳಗಿನ ಪುಲ್‌ಅಪ್ ಸಿಗುತ್ತದೆ. ಆದರೆ ಅದು ಸುಮಾರು 45 ಕಿಲೋ ಓಮ್‌ನ ದುರ್ಬಲ ರೆಸಿಸ್ಟರ್ ಆದ್ದರಿಂದ, ತೊಟ್ಟಿಯವರೆಗೆ ಎಳೆದ ಉದ್ದ ತಂತಿಗೆ ಪಿನ್ನಿನಿಂದ 3.3 ವೋಲ್ಟಿಗೆ 4.7 ಕಿಲೋ ಓಮ್‌ನ ರೆಸಿಸ್ಟರನ್ನು ಹೊರಗಿನಿಂದಲೇ ಹಾಕುವುದು ಮೇಲು. ಹಾಗೆ ಹಾಕಿದರೆ 34ನೇ ಪಿನ್ ಕೂಡ ನಡೆಯುತ್ತದೆ. 5 ವೋಲ್ಟಿಗೆ ಮಾತ್ರ ಎಳೆಯಬೇಡಿ, ಪಿನ್ ಸುಟ್ಟೀತು. ಸ್ವಿಚ್ ಮುಚ್ಚಿದಾಗ ಓದು 0 ಎಂಬುದು ನೆನಪಿರಲಿ. ನೀರು ಅಲುಗಾಡುವುದರಿಂದ ಎರಡು ಸೆಕೆಂಡು ಒಂದೇ ಓದು ನಿಂತ ಮೇಲಷ್ಟೇ ಅದನ್ನು ನಂಬಿ.

ಪಂಪಿನ ರಿಲೇ ಬೋರ್ಡ್ (ಚಿಪ್‌ನ ಸಂಕೇತದಿಂದ ಪಂಪನ್ನು ಆನ್-ಆಫ್ ಮಾಡುವ ಸ್ವಿಚ್) 0ಗೆ ಆನ್ ಆಗುವ ಬಗೆಯದಾದರೆ, ಚಿಪ್ ತಯಾರಕರದೇ ಪ್ರೋಗ್ರಾಮಿಂಗ್ ಕಿಟ್ ಆದ ಇಎಸ್‌ಪಿ-ಐಡಿಎಫ್‌ನಲ್ಲಿ ಮೊದಲು ಪಿನ್‌ಗೆ 1 ಬರೆದು, ಆಮೇಲೆ ಅದನ್ನು ಔಟ್‌ಪುಟ್ ಮಾಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ (ನಮ್ಮ ಕಡೆ ಅದು ಹೊಸದೇನಲ್ಲ) ರಿಲೇ ಒಂದು ಕ್ಷಣ ಎಳೆದುಬಿಡುತ್ತದೆ. 12ನೇ ಪಿನ್ನನ್ನು ಇದಕ್ಕೆ ಬಳಸಬೇಡಿ: ಚಿಪ್ ಎಚ್ಚರವಾಗುವಾಗ ಅದು 1 ಆಗಿದ್ದರೆ ಪ್ರೋಗ್ರಾಮ್ ಇರುವ ಫ್ಲ್ಯಾಶ್ ಮೆಮೊರಿಗೆ 1.8 ವೋಲ್ಟ್ ಹೋಗಿ, ಸಾಮಾನ್ಯ ಬೋರ್ಡು ಬೂಟ್ ಆಗುವುದೇ ಇಲ್ಲ.