ಮಾರ್ಗಿಟ್ ಹತ್ತಿರ ಸಿಕ್ಕಿಕೊಂಡಿದ್ದರೆ ಮೊದಲು ದಕ್ಷಿಣಕ್ಕೆ ಹೋಗಿ

ಎಲ್ಡನ್ ರಿಂಗ್ ವಿಡಿಯೋ ಗೇಮ್‌ನ ಬಲಿಷ್ಠ ಶತ್ರು ಮಾರ್ಗಿಟ್ ಹತ್ತಿರ ನೀವು ಬೇಗ ಹೋಗಿದ್ದೀರಿ, ಅಷ್ಟೇ. ಎಲ್ಲರ ಮೆಚ್ಚಿನ ಗೇಮ್‌ಗಳ ಪಟ್ಟಿಯಲ್ಲೂ ಎಲ್ಡನ್ ರಿಂಗ್ ಮೊದಲಿದೆ, ನನಗೆ ಮಾತ್ರ ಯಾಕೆ ಆಗ್ತಿಲ್ಲ ಅಂತ ಕೇಳಿದ್ದೀರಲ್ಲ, ದಾರಿ ತೋರಿಸುವ ಆ ಚಿನ್ನದ ಬೆಳಕೇ ನಿಮ್ಮನ್ನು ಅವನ ಕಡೆಗೆ ಕರೆದೊಯ್ದಿರೋದು. ಅದನ್ನು ಸದ್ಯಕ್ಕೆ ಬಿಡಿ.

ಮೊದಲು ದಕ್ಷಿಣದ ವೀಪಿಂಗ್ ಪೆನಿನ್ಸುಲಾ ಪೂರ್ತಿ ಸುತ್ತಿ, ಶತ್ರುಗಳನ್ನು ಸೋಲಿಸಿದಾಗ ಸಿಗುವ ರೂನ್ಸ್ ಎಲ್ಲ ವಿಗರ್‌ಗೆ, ಅಂದರೆ ಪ್ರಾಣಬಲಕ್ಕೆ ಹಾಕಿ, 20 ಆಗುವವರೆಗೂ. ಆಮೇಲೆ ಲಿಮ್‌ಗ್ರೇವ್ ಟನಲ್ಸ್‌ನಲ್ಲಿ ಆಯುಧ ಬಲಪಡಿಸುವ ಸ್ಮಿಥಿಂಗ್ ಸ್ಟೋನ್ ಆರಿಸಿಕೊಂಡು, ಚರ್ಚ್ ಆಫ್ ಎಲ್ಲೆಯಲ್ಲಿರುವ ಟೇಬಲ್ ಹತ್ತಿರ ಆಯುಧವನ್ನು +3 ಮಟ್ಟಕ್ಕೆ ಏರಿಸಿಕೊಳ್ಳಿ. ಕುದುರೆ ಸಿಕ್ಕಿದ್ದರೆ ಅಲ್ಲಿಗೇ ರಾತ್ರಿ ಹೋಗಿ. ಅಲ್ಲಿ ಸಿಗುವ ರೆನ್ನಾ ಎಂಬ ಮಾಟಗಾತಿ ಕೊಡುವ ಗಂಟೆಯಿಂದ ಮೂರು ತೋಳಗಳನ್ನು ಕರೆಯಬಹುದು. ಅವು ಮಾರ್ಗಿಟ್‌ನ ಗಮನ ಸೆಳೆದಾಗ ನಿಮಗೆ ಉಸಿರು ಬಿಡೋಕೆ ಸಮಯ ಸಿಗುತ್ತೆ.

ನೀವು ಶುರುವಿನಲ್ಲಿ ಯಾವ ಕ್ಲಾಸ್ (ಪಾತ್ರದ ಬಗೆ) ಆರಿಸಿದ್ದೀರಿ ಅಂತ ಬರೆದಿಲ್ಲ. ಮಂತ್ರದಿಂದ ಹೋರಾಡುವ ಆಸ್ಟ್ರಾಲಜರ್ ಆಗಿದ್ದರೆ ಆಯುಧಕ್ಕಿಂತ ಇಂಟೆಲಿಜೆನ್ಸ್ ಹೆಚ್ಚು ಕೆಲಸಕ್ಕೆ ಬರಬಹುದು.

ಕಾದಾಟದಲ್ಲಿ ಒಂದೇ ಒಂದು ವಿಷಯ ನೋಡಿ: ಅವನು ಕೋಲೆತ್ತಿ, ಹೊಡೆಯದೆ ಒಂದು ಕ್ಷಣ ಹಾಗೇ ನಿಲ್ತಾನೆ. ನಾವು ಹೆದರಿ ಆಗಲೇ ಉರುಳಿಬಿಡ್ತೀವಿ, ಎದ್ದೇಳುವ ಹೊತ್ತಿಗೆ ಪೆಟ್ಟು ಬೀಳುತ್ತೆ. ಕೋಲು ಕೆಳಗೆ ಬರೋಕೆ ಶುರುವಾದ ಮೇಲೆ ಉರುಳಿ, ಅದೂ ಅವನ ಕಡೆಗೇ.

ಇಷ್ಟಾದರೂ ಖುಷಿ ಕೊಡದಿದ್ದರೆ ಬಲವಂತ ಬೇಡ. ನನ್ನ ಪಟ್ಟಿಯಲ್ಲಿ ಎಲ್ಡನ್ ರಿಂಗ್ ಮೂರನೆಯದು. ಬಾಲ್ಡರ್ಸ್ ಗೇಟ್ 3 ಎರಡನೆಯದು, 2015ರ ವಿಚರ್ 3 ಮೊದಲನೆಯದು. ಅದರಲ್ಲಿ ಬರುವ ಬ್ಲಡಿ ಬ್ಯಾರನ್ ಎಂಬ ಪಾತ್ರದ ಕಥೆಯೊಂದೇ ಸಾಕು ಅದಕ್ಕೆ ಆ ಜಾಗ ಕೊಡೋಕೆ. ಕಥೆಗಾಗಿ ಆಡುವವರಾದರೆ ಅದನ್ನು ಅತಿ ಸುಲಭದ ಡಿಫಿಕಲ್ಟಿಯಲ್ಲಿ ಶುರು ಮಾಡಿ.