‘ಪುರುಸೊತ್ತಿಲ್ಲ’ ಅಂದರೆ ಅಮ್ಮನಿಗೆ ಏನು ಅರ್ಥವಾಗಬೇಕು?

ಶಾಂಘೈನಲ್ಲಿ ನನ್ನ ಹತ್ತಿರ ಆಪ್ತಸಲಹೆಗೆ ಬರುವವರಲ್ಲಿ ಮದುವೆ ವಿಷಯಕ್ಕೆ ಅಪ್ಪ ಅಮ್ಮನ ಜೊತೆ ಆಗುವ ಜಗಳ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಆಗ ಆಕೆಗೆ ಮೂವತ್ನಾಲ್ಕು. ಒಳ್ಳೆಯ ಕೆಲಸ, ಒಬ್ಬಳೇ ಮಗಳು. ಅಮ್ಮ ಶನಿವಾರ, ಭಾನುವಾರ ತಪ್ಪದೆ ಪೀಪಲ್ಸ್ ಪಾರ್ಕ್‌ಗೆ ಹೋಗುತ್ತಿದ್ದರು. 2005ರ ಆಸುಪಾಸಿನಲ್ಲಿ ಶುರುವಾದ ಆ ಮದುವೆ ಸಂತೆಗೆ ಹುಡುಗ ಹುಡುಗಿಯರು ಬರುವುದು ಕಡಿಮೆ, ಬರುವವರು ಅಪ್ಪ ಅಮ್ಮಂದಿರು. ನೆಲದ ಮೇಲೆ ಕೊಡೆ ಬಿಚ್ಚಿಟ್ಟು, ಅದಕ್ಕೆ ಮಕ್ಕಳ ವಿವರದ ಚೀಟಿ ಸಿಕ್ಕಿಸಿ ಕೂರುತ್ತಾರೆ.

ಒಂದು ದಿನ ಆಕೆ ಫೋನಿನಲ್ಲಿ ಆ ಚೀಟಿಯ ಫೋಟೊ ತೋರಿಸಿದರು. ಗೆಳತಿಯೊಬ್ಬಳು ಪಾರ್ಕಿನಲ್ಲಿ ನೋಡಿ ಕಳಿಸಿದ್ದಳು. ಒಂದೊಂದೇ ಸಾಲು ಓದಿ ಹೇಳಿದರು. ಹುಟ್ಟಿದ್ದು 1989. ಎತ್ತರ 1.63 ಮೀಟರ್. ಸ್ನಾತಕೋತ್ತರ ಪದವಿ. ಶಾಂಘೈ ಹುಕೌ, ಅಂದರೆ ಇದೇ ಊರಿನ ನಿವಾಸಿ ಎಂಬ ಸರ್ಕಾರಿ ನೋಂದಣಿ. ಸ್ವಂತ ಫ್ಲಾಟ್. ಮೃದು ಸ್ವಭಾವ. ಕೆಳಗೆ ಅಮ್ಮನ ಫೋನ್ ನಂಬರ್. ಮಗಳ ಹೆಸರು ಎಲ್ಲೂ ಇಲ್ಲ.

“ಇದನ್ನ ನಿಲ್ಲಿಸೋದು ಹೇಗೆ ಹೇಳಿ” ಅಂದರು.

“ಅಮ್ಮ ಮದುವೆ ವಿಷಯ ತೆಗೆದಾಗ ನೀವೇನು ಹೇಳ್ತೀರಿ?”

“ಕೆಲಸ ಜಾಸ್ತಿ, ಪುರುಸೊತ್ತಿಲ್ಲ, ಮುಂದಿನ ವರ್ಷ ನೋಡೋಣ ಅಂತೀನಿ.”

“ಎಷ್ಟು ವರ್ಷದಿಂದ?”

“ಕೆಲಸಕ್ಕೆ ಸೇರಿದಾಗಿನಿಂದ.”

“ನಿಮಗೆ ಮದುವೆ ಬೇಕಾ?”

“ಹುಡುಕಿಕೊಂಡು ಹೋಗಿ ಆಗೋದು ಬೇಡ. ಯಾರಾದ್ರೂ ಇಷ್ಟವಾದ್ರೆ ಆಗ ಯೋಚಿಸ್ತೀನಿ.”

“ಇದನ್ನ ಅಮ್ಮನಿಗೆ ಹೇಳಿದ್ದೀರಾ?”

ಹೇಳಿರಲಿಲ್ಲ. ಸ್ವಲ್ಪ ಹೊತ್ತು ಚೀಟಿಯನ್ನೇ ನೋಡುತ್ತಿದ್ದರು. ಆಮೇಲೆ ಅಂದರು: “ನಾನು ಪುರುಸೊತ್ತಿಲ್ಲ ಅಂದೆ. ಅದಕ್ಕೆ ನನ್ನ ಬದಲು ಅಮ್ಮ ಹೋಗ್ತಿದ್ದಾಳೆ.”

ಅವತ್ತಿನ ಉಳಿದ ಸಮಯವೆಲ್ಲ ಈ ಮಾತಿನ ಸುತ್ತಲೇ ಹೋಯಿತು. ನಾನು ಕೊಟ್ಟ ಸಲಹೆ ಇಷ್ಟು: ಆಫೀಸಿನ ನೆಪ ಬಿಡಿ. ಬೇಡ ಅನ್ನುವುದನ್ನು ಬೇಡ ಅಂತಲೇ ಹೇಳಿ. ನನ್ನನ್ನು ಕೇಳದೆ ಚೀಟಿ ಹಾಕಬೇಡ ಅನ್ನಿ. ಹೇಳಿ ಎದ್ದು ಹೋಗಬೇಡಿ, ಅಮ್ಮ ಏನು ಹೇಳಿದರೂ ಕೂತು ಕೇಳಿ.

ತಪ್ಪು ಮಾಡಿದ್ದು ತಾಯಿ, ಭಾರ ಹೊರಿಸಿದ್ದು ಮಗಳ ಮೇಲೆ ಅಂತ ಪರಿಚಯದ ಸಲಹೆಗಾರರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಕೇಳದೆ ಚೀಟಿ ಹಾಕಿದ್ದು ತಪ್ಪೇ, ಅದನ್ನು ಆಕೆಗೂ ಹೇಳಿದ್ದೇನೆ. ಬಲವಂತದ ಮದುವೆಯನ್ನು ಚೀನಾದ ಕಾನೂನು 1950ರಲ್ಲೇ ನಿಷೇಧಿಸಿದೆ. ಈ ತಾಯಿಯೂ ಬಲವಂತ ಮಾಡುತ್ತಿರಲಿಲ್ಲ, ಮಗಳ ‘ಮುಂದಿನ ವರ್ಷ’ವನ್ನು ನಂಬಿ ಕೂತಿದ್ದರು. ಮಾವೋ ಕಾಲದಲ್ಲಿ ಓದು ಬಿಡಿಸಿ ಹಳ್ಳಿಗೆ ಕಳಿಸಿದ ಲಕ್ಷಾಂತರ ಹುಡುಗ ಹುಡುಗಿಯರಲ್ಲಿ ಅವರೂ ಒಬ್ಬರು. ಊರಿಗೆ ವಾಪಸಾಗಿ ತಡವಾಗಿ ಮದುವೆಯಾದರು. ಆಗ ಒಂದೇ ಮಗುವಿನ ನಿಯಮ. ಮಗಳಿಗೆ ಅಣ್ಣ ತಮ್ಮ, ಅಕ್ಕ ತಂಗಿ ಯಾರೂ ಇಲ್ಲ. ಇಂಥ ತಾಯಿಗೆ ಅಸ್ಪಷ್ಟ ಉತ್ತರ ಕೊಡುತ್ತಾ ಹೋಗುವುದು ಗೌರವ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮಲ್ಲೂ ಮ್ಯಾಟ್ರಿಮನಿ ಸೈಟಿನಲ್ಲಿ ಅಪ್ಪ ಅಮ್ಮ ಪ್ರೊಫೈಲ್ ಮಾಡಿದಾಗ ಎಷ್ಟು ಮಕ್ಕಳು ಸುಮ್ನೆ ‘ನೋಡೋಣ’ ಅಂದು ವರ್ಷಗಟ್ಟಲೆ ಕಾಯಿಸುತ್ತಾರೆ, ಅಲ್ವಾ?

ಆಕೆ ಹೇಳಿದರು. ಅಮ್ಮ ಸಿಟ್ಟಾದರು, ಅತ್ತರು. ಕೊನೆಗೆ ಕೇಳಿದ್ದು ಒಂದೇ: “ನಾನು ಹೋದ ಮೇಲೆ ನಿನಗೆ ಆಪರೇಷನ್ ಆದ್ರೆ ಆಸ್ಪತ್ರೇಲಿ ಸಹಿ ಹಾಕೋರು ಯಾರು?”

ಅಲ್ಲಿ ಆಪರೇಷನ್‌ಗೆ ಮುಂಚೆ ಮನೆಯವರ ಸಹಿ ಕೇಳುವುದು ರೂಢಿ. ಭಯ ಸುಳ್ಳಲ್ಲ, ಆದರೆ ಅದಕ್ಕೆ ಗಂಡನೊಬ್ಬನೇ ಉತ್ತರವೂ ಅಲ್ಲ. 2021ರಲ್ಲಿ ಜಾರಿಗೆ ಬಂದ ಚೀನಾದ ನಾಗರಿಕ ಸಂಹಿತೆಯ ಪ್ರಕಾರ, ಮುಂದೆ ತನಗೇ ತೀರ್ಮಾನಿಸಲು ಆಗದ ಸ್ಥಿತಿ ಬಂದರೆ ತನ್ನ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ವ್ಯಕ್ತಿಯನ್ನು, ಅಂದರೆ ಗಾರ್ಡಿಯನ್ ಅನ್ನು, ವಯಸ್ಕರು ತಾವೇ ಆರಿಸಿ, ಅವರೊಂದಿಗೆ ಮೊದಲೇ ಒಪ್ಪಂದ ಬರೆದಿಡಬಹುದು. ಮುಂದಿನ ಭೇಟಿಯಲ್ಲಿ ನಾವು ಮಾತಾಡಿದ್ದು ಇದನ್ನೇ. ಆಕೆ ಕಾಲೇಜು ದಿನಗಳ ಗೆಳತಿಯ ಹೆಸರು ಹೇಳಿದರು.

ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಚೀಟಿಯನ್ನು ಮಾತ್ರ ತೆಗೆದಿದ್ದಾರೆ. ಆ ಗೆಳತಿಯನ್ನು ಒಂದು ದಿನ ಊಟಕ್ಕೆ ಕರಿ, ಮಾತಾಡಿ ನೋಡಬೇಕು ಅಂದಿದ್ದಾರಂತೆ.