ಮೊಬೈಲ್ ಬೇಡ, ಕೋಡಿಂಗ್ ಬೇಕು ಅಂದ್ರೆ?

ಪ್ರಶ್ನೆ: ಮಗಳಿಗೆ 5 ವರ್ಷ, ಯುಕೆಜಿ. ಅವಳ ಜೊತೆಯ ಮಕ್ಕಳನ್ನು ಕೋಡಿಂಗ್ ಕ್ಲಾಸಿಗೆ ಸೇರಿಸುತ್ತಿದ್ದಾರೆ. ಮೊಬೈಲ್ ಕೊಡಲು ನಮಗೆ ಇಷ್ಟವಿಲ್ಲ. ಸ್ಕ್ರೀನ್ ಇಲ್ಲದ ರೋಬೋ ಆಟಿಕೆ ಬಂದಿದೆಯಂತೆ. ಅತ್ತೆ, 'ಆಟದ ಸಾಮಾನಿಗೆ ಅಷ್ಟೊಂದು ದುಡ್ಡಾ?' ಅನ್ನುತ್ತಾರೆ. ನಾವಿಬ್ಬರೂ ಕಂಪ್ಯೂಟರ್ ಓದಿದವರಲ್ಲ. ಕೊಳ್ಳಬಹುದೇ ಮೇಡಂ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಅತ್ತೆಯವರ ಮಾತು ಸುಮ್ನೆ ತಳ್ಳಿಹಾಕಬೇಡಿ. ಮೊದಲು ಆಟಿಕೆ ಇಲ್ಲದೆಯೇ ಆಡಿ ನೋಡಿ, ಕೊಳ್ಳುವುದು ಆಮೇಲೆ.

ಬೀ-ಬಾಟ್ ಅಂತ ಹಳದಿ ಜೇನುಹುಳುವಿನ ರೋಬೋ ಇದೆ. ಬೆನ್ನ ಮೇಲೆ ಮುಂದೆ, ಹಿಂದೆ, ಎಡ, ಬಲ ಎಂಬ ಬಾಣದ ಗುಂಡಿಗಳು. ಮಗು ಒತ್ತಿದ್ದನ್ನೆಲ್ಲ ನೆನಪಿಟ್ಟುಕೊಂಡು, 'ಗೋ' ಒತ್ತಿದ ಮೇಲೆ ಒಂದೊಂದಾಗಿ ಮಾಡುತ್ತದೆ. ಒಂದು ಹೆಜ್ಜೆ 15 ಸೆಂಟಿಮೀಟರ್. ನಮ್ಮ ಕುವೆಂಪುನಗರದ ಮನೆಯ ಒಂದಡಿ ಟೈಲ್ಸ್ ದಾಟಲು ಹೆಚ್ಚುಕಡಿಮೆ ಎರಡು ಹೆಜ್ಜೆ ಸಾಕು. ರಿಮೋಟ್ ಕಾರಿನ ಹಾಗೆ ಓಡುತ್ತಿರುವಾಗ ತಿರುಗಿಸಲು ಬರುವುದಿಲ್ಲ. ಇಡೀ ದಾರಿಯನ್ನು ಮೊದಲೇ ಯೋಚಿಸಬೇಕು. ಕೋಡಿಂಗ್ ಅಂದರೆ ಯಂತ್ರ ಏನೇನು ಮಾಡಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಮೊದಲೇ ಹೇಳಿಡುವುದು; ಅದು ಇರುವುದು ಅಲ್ಲೇ.

ಮಕ್ಕಳು ಎಡವುವುದು ಎರಡು ಕಡೆ. ಬಲದ ಗುಂಡಿ ಒತ್ತಿದರೆ ಅದು ನಿಂತಲ್ಲೇ ತಿರುಗುತ್ತದೆ, ಪಕ್ಕದ ಚೌಕಕ್ಕೆ ಹೋಗುವುದಿಲ್ಲ. ಹೋಗಲು 'ಮುಂದೆ' ಬೇರೆ ಒತ್ತಬೇಕು. ಇನ್ನೊಂದು, ಹಳೆಯದನ್ನು ಅಳಿಸದೆ ಹೊಸದು ಒತ್ತಿದರೆ ಎರಡೂ ಸೇರಿ ಓಡುತ್ತದೆ. ರೋಬೋ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ದವರನ್ನೂ ನೋಡಿದ್ದೇನೆ!

ಇದೇನೂ ಹೊಸ ಪವಾಡವಲ್ಲ. 1970ರ ದಶಕದಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಾಡಿಯಾ ಪರ್ಲ್‌ಮನ್ ಎಂಬವರು ಓದು ಬಾರದ ಪುಟ್ಟ ಮಕ್ಕಳಿಗಾಗಿ, ಗುಂಡಿ ಒತ್ತಿ ಆಮೆ ರೋಬೋ ನಡೆಸುವ ಏರ್ಪಾಡು ಮಾಡಿದ್ದರು.

ಈಗ ನಿಮ್ಮ ಮನೆಯ ಆಟ. ಕುಂಟೆಬಿಲ್ಲೆಗೆ ಬರೆಯುವಂತೆ ಅಂಗಳದಲ್ಲಿ ಚೌಕ ಬರೆಯಿರಿ. ಹಳೆಯ ಲಗ್ನಪತ್ರಿಕೆ ಕತ್ತರಿಸಿ, ಹಿಂಬದಿಯಲ್ಲಿ ಬಾಣ ಬರೆದರೆ ಚೀಟಿ ತಯಾರು. ಕೊನೆಯ ಚೌಕದಲ್ಲಿ ಅತ್ತೆಯವರು ಅಚ್ಚುಬೆಲ್ಲದ ಚೂರು ಇಡಲಿ. ಅಪ್ಪನೇ ರೋಬೋ. ಮಗಳು ಚೀಟಿ ಜೋಡಿಸಬೇಕು, ಅಪ್ಪ ಹಾಗೇ ನಡೆಯಬೇಕು. ಗೋಡೆ ಅಡ್ಡ ಬಂದರೂ ಜಾಣತನ ತೋರಿಸಿ ತಪ್ಪಿಸಿಕೊಳ್ಳಬಾರದು. ಬೆಲ್ಲ ಸಿಗದಿದ್ದರೆ ಯಾವ ಚೀಟಿ ತಪ್ಪು ಅಂತ ಅವಳೇ ಹುಡುಕಲಿ. ನೀವು ಬಾಯಿ ಹಾಕಬೇಡಿ; ಇದೇ ಕಷ್ಟದ ಕೆಲಸ. ಅಪ್ಪ ಅವಳಿಗೆ ಎದುರಾಗಿ ನಿಂತಾಗ ಅವರ ಬಲ ಅವಳ ಎಡವಾಗುತ್ತದೆ. ಆ ಗೊಂದಲ ಅನುಭವಿಸಲಿ, ಬೇಕಿದ್ದರೆ ಎದ್ದು ಅಪ್ಪನ ಹಿಂದೆ ನಿಂತು ನೋಡಲಿ.

ಇದರಲ್ಲಿ ಅವಳಿಗೆ ರುಚಿ ಹತ್ತಿದರೆ ಆಟಿಕೆ ಕೊಳ್ಳಿ. ಕೊಳ್ಳುವಾಗ 'ಇದಕ್ಕೆ ಆ್ಯಪ್ ಬೇಕಾ?' ಅಂತ ಕೇಳಿ. ಕೆಲವು ರೋಬೋಗಳು ಫೋನ್ ಇಲ್ಲದೆ ಓಡುವುದೇ ಇಲ್ಲ. ಎರಡು-ಮೂರು ಮನೆಯವರು ಸೇರಿ ಒಂದು ಕೊಂಡರೆ ಇನ್ನೂ ವಾಸಿ. ಒಬ್ಬಳು ಗುಂಡಿ ಒತ್ತಲಿ, ಇನ್ನೊಬ್ಬಳು ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಹೇಳಲಿ.

ಪ್ರಶ್ನೆ: ಮಗನಿಗೆ 4 ವರ್ಷ. ಇಂಥ ರೋಬೋ ತಂದುಕೊಟ್ಟೆ. ಸಿಕ್ಕಸಿಕ್ಕ ಗುಂಡಿ ಒತ್ತಿ ಓಡಿಸಿ ನಗುತ್ತಾನೆ, ಅಷ್ಟೇ. ದುಡ್ಡು ದಂಡವಾಯಿತೇ?
– ಒಬ್ಬ ತಂದೆ, ಮೈಸೂರು

ಉತ್ತರ: ಇಲ್ಲ ಸ್ವಾಮಿ, ನಗಲಿ ಬಿಡಿ. ಆ ವಯಸ್ಸಿಗೆ ಎಡ-ಬಲ ಜಾಸ್ತಿಯಾಯಿತು. 'ಮುಂದೆ' ಗುಂಡಿ ಮಾತ್ರ ತೋರಿಸಿ, ಮೂರು ಹೆಜ್ಜೆ ದೂರದಲ್ಲಿ ಅವನ ಚಪ್ಪಲಿ ಇಟ್ಟು, 'ಇದಕ್ಕೆ ಗುದ್ದಿಸು ನೋಡೋಣ' ಅನ್ನಿ.